ವೀಳ್ಯ ಹಿಂದಿರುಗಿಸಿದವನು

ಲಾಟರಿ ಹೊಡೆಯದೆ ಹಾಳಾದವರು ಊರಿಗೆ ಹತ್ತು ಜನ ಸಿಗುತ್ತಾರೆ. ಆಲ್ದೂರಿನ ಓಂಕಾರಮೂರ್ತಿ ಹಾಳಾದದ್ದು ಲಾಟರಿ ಹೊಡೆದು. ಹೊಡೆಯಿತು ಎಂದರೆ ಪೂರ್ತಿ ಹೊಡೆಯಲೂ ಇಲ್ಲ, ಪೂರ್ತಿ ತಪ್ಪಲೂ ಇಲ್ಲ. ನಡುವೆ ನಿಂತು ಮೂರು ದಿನ ಅವನನ್ನು ಕುಣಿಸಿತು. ಆ ಮೂರು ದಿನದಲ್ಲಿ ತಾನು ಮಾಡಿದ್ದು ನೆನಪಾದರೆ ಇವತ್ತಿಗೂ ಅಂಗಡಿಯಲ್ಲಿ ಕೂತಲ್ಲೇ ಅವನ ಕಿವಿ ಬಿಸಿಯಾಗುತ್ತದೆ. ಆಗಲಿ ಬಿಡಿ, ಆಗಬೇಕಾದ್ದೇ.

ಆಲ್ದೂರು ಪೇಟೆಯಲ್ಲಿ ಅವನದು ಕಾಫಿ, ಮೆಣಸು ಕೊಳ್ಳುವ ಅಂಗಡಿ. ಎರಡೆಕರೆ, ಮೂರೆಕರೆಯ ಸಣ್ಣ ಬೆಳೆಗಾರರು ಮೂಟೆ ತಂದು ಹಾಕುತ್ತಾರೆ. ಇವನು ತೂಗಿ ಕೊಂಡು ಕಾಫಿ ಕ್ಯೂರಿಂಗಿನವರಿಗೆ ಸಾಗಿಸುತ್ತಾನೆ. ತಮ್ಮ ಮಲ್ಲೇಶ್ ವ್ಯಾಪಾರದಲ್ಲಿ ಜೊತೆಗಾರ. ಇಬ್ಬರಿಗೂ ಒಳ್ಳೆಯ ಹೆಸರಿತ್ತು. ತಕ್ಕಡಿಗೆ ಬೆರಳು ತಾಗಿಸಿದವರಲ್ಲ, ಒಣಗಿದ ಮಾಲನ್ನು ಹಸಿ ಎಂದು ಹೇಳಿ ಬೆಲೆ ಇಳಿಸಿದವರಲ್ಲ. ಮನೆಯಲ್ಲಿ ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ, ಯಾರ ಮುಂದೂ ಕೈಚಾಚುವ ಗತಿಯೂ ಬಂದಿರಲಿಲ್ಲ. ಹಾಗಿರುವಾಗ ಈ ಮನುಷ್ಯನಿಗೆ ಲಾಟರಿ ಯಾಕೆ ಬೇಕಿತ್ತು?

ಹೇಳುತ್ತೇನೆ. ಅವನಿಗೆ ಒಬ್ಬಳೇ ಮಗಳು, ಶಿಲ್ಪಾ. ಚಿಕ್ಕಮಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಹಿಂದಿನ ವರ್ಷ ಎಂಬತ್ತು ಎಕರೆಯ ಎಸ್ಟೇಟಿನವರೊಬ್ಬರು ಅವಳನ್ನು ನೋಡಲು ಬಂದಿದ್ದರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಗೋಡೆ, ಸೂರು, ಕಿಟಕಿ ಎಲ್ಲ ನೋಡಿ ಹೋದರು. ಆಮೇಲೆ ಯಾರ ಬಾಯಿಂದಲೋ ಮಾತು ಬಂತು: ‘ಹುಡುಗಿ ಚಂದ, ಮನೆ ಸಾಲದು.’ ಶಿಲ್ಪಾ ಅದನ್ನು ಕೇಳಿ ನಕ್ಕುಬಿಟ್ಟಳು. ಅವಳ ಅಮ್ಮ ಶಿವಗಂಗಮ್ಮ ‘ಹೋದ್ರೆ ಹೋಗ್ಲಿ ಬಿಡಿ, ಸೊಕ್ಕಿನ ಜನ’ ಎಂದು ಲೋಟ ತೊಳೆಯಲು ಹೋದಳು. ಓಂಕಾರಮೂರ್ತಿಗೆ ಮಾತ್ರ ಆ ನಾಲ್ಕು ಪದ ಗಂಟಲಲ್ಲಿ ಮೀನಿನ ಮುಳ್ಳಾದವು, ಮೀನು ತಿನ್ನದ ಮನೆಯವನಾದರೂ.

ನಮ್ಮ ರಾಜ್ಯದಲ್ಲಿ ಲಾಟರಿ ನಿಂತು ವರ್ಷಗಳೇ ಆದವು. ಆದರೆ ಘಟ್ಟ ಇಳಿದರೆ ಮಂಗಳೂರು, ಅಲ್ಲಿಂದ ಆಚೆ ತಲಪಾಡಿ, ತಲಪಾಡಿ ದಾಟಿದರೆ ಕೇರಳ. ಇವನ ಮೆಣಸನ್ನು ಪಿಕಪ್ ಗಾಡಿಯಲ್ಲಿ ಮಂಗಳೂರಿಗೆ ಹೊಡೆಯುವ ಚನ್ನಕೇಶವ ಎಂಬ ಡ್ರೈವರ್ ವಾಪಸು ಬರುವಾಗ ಗಡಿಯಾಚೆಯಿಂದ ಒಂದೋ ಎರಡೋ ಟಿಕೆಟ್ ತಂದುಕೊಡುತ್ತಿದ್ದ. ಮೊದಲು ತಮಾಷೆಗೆ ಎಂದಿತ್ತು. ಒಮ್ಮೆ ಐನೂರು ರೂಪಾಯಿ ಬಂತು ನೋಡಿ, ಅದೇ ಕೆಡಿಸಿದ್ದು. ಆಮೇಲೆ ವಾರ ತಪ್ಪಿದರೆ ಅವನಿಗೆ ಏನೋ ಕಳಕೊಂಡ ಹಾಗೆ. ಟಿಕೆಟ್ಟುಗಳನ್ನು ಅಂಗಡಿಯ ದೇವರ ಫೋಟೊದ ಹಿಂದೆ ಸಿಕ್ಕಿಸಿಡುತ್ತಿದ್ದ. ಹೆಂಡತಿಗೆ ಅರ್ಧ ಗೊತ್ತು, ಮಗಳಿಗೆ ಏನೂ ಗೊತ್ತಿಲ್ಲ. ಹೋದ ದುಡ್ಡು ದೊಡ್ಡದೇನಲ್ಲ. ಆದರೆ ಟಿಕೆಟ್ ಕೈಗೆ ಬಂದ ದಿನದಿಂದ ಡ್ರಾ ಆಗುವ ದಿನದವರೆಗೂ ಅವನು ಮನಸ್ಸಿನಲ್ಲಿ ಆಲ್ದೂರಿನಲ್ಲಿ ಇರುತ್ತಿರಲಿಲ್ಲ. ಎಂಬತ್ತು ಎಕರೆಯವರ ಜಗಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದ.

ಇಷ್ಟರ ನಡುವೆ ಶಿಲ್ಪಾಗೆ ಗಂಡು ಗೊತ್ತಾಯಿತು. ಮೂಡಿಗೆರೆ ತಾಲೂಕಿನ ಜಾವಳಿಯ ತಮ್ಮಯ್ಯನವರ ಮಗ ರೇಣುಕಪ್ರಸಾದ್. ಅಪ್ಪ ಮಗ ಸೇರಿ ಕಾಫಿ ಸಸಿ, ಮೆಣಸಿನ ಬಳ್ಳಿ ಬೆಳೆಸಿ ಮಾರುವ ನರ್ಸರಿ ಇಟ್ಟಿದ್ದಾರೆ. ಹುಡುಗ ಮಾತು ಕಡಿಮೆ, ಕೆಲಸ ಜಾಸ್ತಿ. ಮಗಳು ಒಂದು ಸಲ ನೋಡಿದಳು, ಎರಡು ಸಲ ಫೋನಿನಲ್ಲಿ ಮಾತಾಡಿದಳು, ‘ಅಮ್ಮಾ, ಆಗಬಹುದು’ ಎಂದಳು. ಅವಳ ಬಾಯಲ್ಲಿ ‘ಆಗಬಹುದು’ ಎಂದರೆ ಬೇರೆಯವರ ಬಾಯಲ್ಲಿ ಹತ್ತು ಸಲ ‘ಹೂಂ’ ಅಂದಷ್ಟು. ಫೆಬ್ರವರಿಯಲ್ಲಿ ಆಲ್ದೂರಿನ ಮನೆಯಲ್ಲೇ ವೀಳ್ಯಶಾಸ್ತ್ರ ಆಯಿತು. ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆಯನ್ನು ಈ ಅಪ್ಪ ಆ ಅಪ್ಪನಿಗೆ, ಆ ಅಪ್ಪ ಈ ಅಪ್ಪನಿಗೆ ಕೊಟ್ಟು ‘ಬೀಗರೇ’ ಎಂದು ಕರೆದುಕೊಂಡರು. ಗಂಡಿನ ಕಡೆಯವರು ಹುಡುಗಿಗೆ ಸೀರೆ ಉಡಿಸಿ ಉಂಗುರ ತೊಡಿಸಿದರು. ವೀಳ್ಯ ಬದಲಾಯಿಸಿಕೊಂಡ ಮೇಲೆ ಮಾತು ಬದಲಾಯಿಸುವುದಿಲ್ಲ, ಅದು ಇವರ ಜನದಲ್ಲಿ ಯಾರೂ ಬರೆದಿಡದ ಕಾನೂನು. ಮದುವೆ ಮೇ ತಿಂಗಳಿಗೆ ಎಂದಾಯಿತು.

ಮಾರ್ಚ್ ಎರಡನೇ ವಾರದ ಬುಧವಾರ ಮಧ್ಯಾಹ್ನ ಚನ್ನಕೇಶವ ಅಂಗಡಿಗೆ ಓಡಿಬಂದ. ಫೋನು ಮುಂದೆ ಹಿಡಿದು, ‘ಮೂರ್ತಣ್ಣ, ನಿಮ್ಮ ಟಿಕೆಟ್ ತೆಗೀರಿ. ರಿಸಲ್ಟ್ ಬಂದಿದೆ. ಯಾಕೋ ನಂಗೆ ಈ ನಂಬರ್ ನೋಡಿದ ಹಾಗಿದೆ ಮಾರಾಯ್ರೇ’ ಎಂದ.

ಓಂಕಾರಮೂರ್ತಿ ಫೋಟೊದ ಹಿಂದಿನಿಂದ ಟಿಕೆಟ್ ಎಳೆದ. ಮೊದಲ ಬಹುಮಾನ ಒಂದು ಕೋಟಿ. ಒಂದೊಂದೇ ಅಂಕಿ ಬೆರಳಿಟ್ಟು ನೋಡಿದ. ನಾಲ್ಕು, ಒಂದು, ಎಂಟು, ಎರಡು, ಆರು, ಮೂರು. ಆರಕ್ಕೆ ಆರೂ ಕೂತವು. ಮತ್ತೊಮ್ಮೆ ನೋಡಿದ. ಕೂತವು. ಮೂರನೇ ಸಲ ನೋಡುವಾಗ ಕಣ್ಣಲ್ಲಿ ನೀರು ಬಂದು ಅಂಕಿಗಳು ಕಾಣಲಿಲ್ಲ.

ಅಂಕಿಗಳ ಮುಂದೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಅವು ಅವನ ಕಣ್ಣಿಗೆ ಬೀಳಲಿಲ್ಲವೇ ಎಂದರೆ, ಬಿದ್ದವು, ತಲೆಗೆ ಹೋಗಲಿಲ್ಲ. ಮೂವತ್ತು ವರ್ಷದಿಂದ ಅವನ ಗೋದಾಮಿನಲ್ಲಿ ಮೂಟೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಪಕ್ಕದಲ್ಲಿ ಅಂಕಿ ಬರೆಯುತ್ತಾರೆ. ಅಕ್ಷರ ಇಳಿಸುವವರ ಗುರುತಿಗೆ. ತಕ್ಕಡಿಯ ಹತ್ತಿರ ಇವನು ಕೂಗುವುದು ಅಂಕಿ, ಮಲ್ಲೇಶ್ ಬರೆದುಕೊಳ್ಳುವುದು ಅಂಕಿ. ಅಕ್ಷರ ನೋಡುತ್ತ ಕೂತರೆ ಸಂಜೆಯಾದರೂ ಲೋಡು ಹೊರಡುವುದಿಲ್ಲ. ಆ ಕಣ್ಣಿನಲ್ಲೇ ಅವನು ಟಿಕೆಟ್ಟನ್ನೂ ಓದಿದ. ಚನ್ನಕೇಶವನೂ ಅದೇ ಗೋದಾಮಿನಲ್ಲಿ ಮೂಟೆ ಹೊತ್ತು ಡ್ರೈವರ್ ಆದವನು, ಅವನೂ ಹಾಗೇ ಓದಿದ.

ಮನೆಗೆ ಬಂದು ಶಿವಗಂಗಮ್ಮನ ಕೈಹಿಡಿದು ಹೇಳಿದಾಗ ಅವಳು ಮೊದಲು ಹೆದರಿದಳು, ಆಮೇಲೆ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದಳು. ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ದೀಪದ ಮುಂದೆ ನಿಂತೇ ಓಂಕಾರಮೂರ್ತಿ ಹೇಳಿದ: ‘ಜಾವಳಿ ಸಂಬಂಧ ಬೇಡ.’

‘ಏನಂದ್ರಿ?’

‘ಆ ಎಂಬತ್ತು ಎಕರೆಯವ್ರ ಹುಡುಗನಿಗೆ ಇನ್ನೂ ಮದುವೆ ಆಗಿಲ್ಲ. ಮನೆ ಸಾಲದು ಅಂದಿದ್ರಲ್ಲ, ಈಗ ಏನಂತಾರೆ ನೋಡೋಣ.’

‘ರೀ, ನಿಮ್ಗೆ ತಲೆ ಸರಿ ಇದ್ಯಾ? ಮೊದ್ಲು ದುಡ್ಡು ಕೈಗೆ ಬರ್ಲಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು ನಿಮ್ದು.’

‘ದುಡ್ಡು ಬಂದ ಸುದ್ದಿ ಜಾವಳಿಗೆ ಮುಟ್ಟಿದ ಮೇಲೆ ಅವ್ರು ಬಿಡ್ತಾರಾ? ಇವತ್ತು ಹೇಳಿದ್ರೆ ಮರ್ಯಾದೆಯಿಂದ ಮುಗೀತದೆ.’

ಮರ್ಯಾದೆ! ಆ ಪದ ಅವನ ಬಾಯಿಂದಲೇ ಬಂತು. ತಮ್ಮನನ್ನು ಕರೆಸಿ, ‘ನಾಳೆ ನೀನು ಹೋಗಿ ಅವ್ರ ಸೀರೆ ವಾಪಸ್ ಕೊಟ್ಟು ಬಾ’ ಎಂದ. ಮಲ್ಲೇಶ್ ಅಣ್ಣನ ಮಾತಿಗೆ ಎಂದೂ ಎದುರಾಡಿದವನಲ್ಲ. ಅವತ್ತು ಚಪ್ಪಲಿ ಮೆಟ್ಟಿಕೊಂಡು, ‘ಅಣ್ಣ, ವೀಳ್ಯ ತಗೊಂಡ ಕೈ ನಿಂದು. ಈ ಕೆಲ್ಸಕ್ಕೆ ನಾನು ಬರಲ್ಲ. ನೀನೂ ಹೋಗ್ಬೇಡ’ ಎಂದು ಹೊರಟುಹೋದ. ಶಿಲ್ಪಾಗೆ ಸಂಜೆ ಏನೂ ಹೇಳಲಿಲ್ಲ. ಮಗಳಿಗೆ ಹೇಳಿದರೆ ಟಿಕೆಟ್ಟಿನ ಸಂಗತಿ ಮೊದಲಿಂದ ಹೇಳಬೇಕಾಗುತ್ತದೆ, ಆ ಮುಜುಗರ ಬೇಡ ಎಂದು ಹೆಂಡತಿಯ ಬಾಯಿಯನ್ನೂ ಕಟ್ಟಿದ. ಎಲ್ಲ ಸರಿಹೋದ ಮೇಲೆ ಮಗಳು ತಾನಾಗೇ ಖುಷಿಪಡುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ.

ಗುರುವಾರ ಬೆಳಿಗ್ಗೆ ಮಗಳು ಬಸ್ಸು ಹತ್ತಿದ ಮೇಲೆ ಅವನು ಬೀರುವಿನಿಂದ ಸೀರೆ ತೆಗೆದ. ಹಸಿರು ಸೀರೆ, ಮಡಿಕೆ ಬಿಚ್ಚದಂತೆ ಶಿಲ್ಪಾ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಶಿವಗಂಗಮ್ಮ ಬಾಗಿಲಿಗೆ ಅಡ್ಡ ನಿಂತು, ‘ನಿಮ್ಮ ಕಾಲಿಗೆ ಬೀಳ್ತೀನಿ’ ಎಂದಳು. ಅವಳ ಪಕ್ಕದಿಂದ ಸರಿದು ಹೋದ.

ಜಾವಳಿಯಲ್ಲಿ ತಮ್ಮಯ್ಯನವರು ದೂರದಿಂದಲೇ ನೋಡಿ, ‘ಓಹೋ, ಬೀಗ್ರು! ಫೋನ್ ಮಾಡಿದ್ರೆ ನಾನೇ ಬಸ್‌ಸ್ಟಾಪಿಗೆ ಬರ್ತಿದ್ನಲ್ಲ’ ಎಂದು ಎದ್ದುಬಂದರು. ರೇಣುಕಪ್ರಸಾದ್ ನೆರಳುಬಲೆಯ ಕೆಳಗೆ ಕೂತು ಸಣ್ಣ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ಮಾವನನ್ನು ಕಂಡವನೇ ಎದ್ದು, ಕೈ ಮಣ್ಣಾಗಿದೆ ಎಂದು ಮೊಣಕೈ ಜೋಡಿಸಿ ನಮಸ್ಕಾರ ಮಾಡಿ ನಕ್ಕ.

ಓಂಕಾರಮೂರ್ತಿ ಕೂರಲಿಲ್ಲ. ಸೀರೆಯ ಗಂಟನ್ನು ತಟ್ಟೆಯಲ್ಲಿಟ್ಟು, ಅದರ ಮೇಲೆ ಎಲೆ ಅಡಿಕೆ ಇಟ್ಟು, ಜಗಲಿಯ ಮೇಲೆ ಮುಂದೆ ತಳ್ಳಿದ.

‘ತಮ್ಮಯ್ಯನವ್ರೇ, ಬೇಜಾರ್ ಮಾಡ್ಕೋಬಾರ್ದು. ನಮ್ಮ ಸ್ಥಿತಿ ಈಗ ಸ್ವಲ್ಪ ಬೇರೆ ಆಗ್ಯದೆ. ಈ ಸಂಬಂಧ ಇಲ್ಲಿಗೇ ಬಿಡೋಣ. ಉಂಗುರ ಮಗಳ ಕೈಲಿದೆ, ಆಮೇಲೆ ಕಳಿಸ್ತೀನಿ.’

‘ಬೀಗರೇ’ ಎನ್ನುವುದು ‘ತಮ್ಮಯ್ಯನವರೇ’ ಆದದ್ದನ್ನು ಆ ಹಿರಿಯರು ಕೇಳಿಸಿಕೊಂಡರು. ತಟ್ಟೆ ನೋಡಿದರು. ‘ನಮ್ಮಿಂದ ಏನಾದ್ರೂ ತಪ್ಪಾಯ್ತಾ?’ ಎಂದು ಮೆಲ್ಲಗೆ ಕೇಳಿದರು.

ತಪ್ಪಿಲ್ಲ ಎಂದು ಹೇಳಿ ಹೊರಟಿದ್ದರೂ ಅರ್ಧ ಮಾನ ಉಳಿಯುತ್ತಿತ್ತು. ಆದರೆ ಒಂದು ಕೋಟಿ ಬಾಯಿಯಲ್ಲಿ ಕೂತಿತ್ತಲ್ಲ, ಅದು ಮಾತಾಡಿತು. ‘ತಪ್ಪು ಅಂತಲ್ಲ. ಮಗಳು ಇಷ್ಟು ಓದ್ಯಾಳೆ. ಮೂರ್ಹೊತ್ತೂ ಮಣ್ಣಲ್ಲಿ ಕೈ ಇಟ್ಕೊಂಡಿರೋರ ಮನೇಲಿ ಅವ್ಳು ಹೆಂಗಿರ್ತಾಳೆ ನೀವೇ ಹೇಳಿ.’

ರೇಣುಕಪ್ರಸಾದ್ ತನ್ನ ಕೈ ನೋಡಿಕೊಂಡ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡ. ಅವನು ಬೈದಿದ್ದರೆ, ಒಂದು ಹಿಡಿ ಮಣ್ಣು ಎತ್ತಿ ಎಸೆದಿದ್ದರೆ ಓಂಕಾರಮೂರ್ತಿ ಇವತ್ತು ಎಷ್ಟೋ ನೆಮ್ಮದಿಯಾಗಿರುತ್ತಿದ್ದ.

ಸಂಜೆ ಶಿಲ್ಪಾ ಬಂದಾಗ ಅವಳಿಗೆ ಎಲ್ಲ ಗೊತ್ತಾಗಿತ್ತು. ರೇಣುಕಪ್ರಸಾದ್ ಫೋನು ಮಾಡಿ, ‘ನಿಮ್ಮ ಮನಸ್ಸೂ ಅದೇ ಆದ್ರೆ ನಂದೇನೂ ಇಲ್ಲ’ ಎಂದಿದ್ದನಂತೆ. ಅವಳು ಬ್ಯಾಗು ಕೆಳಗಿಡದೆ ಅಪ್ಪನ ಮುಂದೆ ನಿಂತಳು.

‘ಅಪ್ಪಾಜಿ, ನನ್ನನ್ನ ಒಂದು ಮಾತು ಕೇಳಿದ್ರಾ?’

‘ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ ಮಾಡಿದ್ದು. ಕೋಟಿ ಬಂದಿದೆ ಕಣೆ, ಕೋಟಿ!’

‘ಉಂಗುರ ಕೊಡಲ್ಲ’ ಎಂದಳು ಶಿಲ್ಪಾ. ಕೋಟಿಯ ಮಾತನ್ನು ಅವಳು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಒಳಗೆ ಹೋಗಿ ಬೀರು ತೆರೆದು ಸೀರೆಯಿಲ್ಲದ ಜಾಗ ನೋಡಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಅವನು ಮದುವೆಗೆಂದು ಹೊಲಿಸಿದ್ದ ರೇಷ್ಮೆ ಶರಟು ಹಾಕಿಕೊಂಡು ಚನ್ನಕೇಶವನ ಪಿಕಪ್‌ನಲ್ಲಿ ತಲಪಾಡಿಗೆ ಹೊರಟ. ಅಷ್ಟರಲ್ಲಿ ಸುದ್ದಿ ಪೇಟೆಯೆಲ್ಲ ಹಬ್ಬಿತ್ತು. ಹಾಲಿನ ಡೈರಿಯ ಮುಂದೆ ನಿಂತವರು, ‘ಕೋಟಿ ಸಾಹುಕಾರ್ರು ಹೊರಟ್ರು, ದಾರಿ ಬಿಡಿ’ ಎಂದು ಕೂಗಿದರು. ಇವನು ಕೈ ಬೀಸಿದ. ಹೌದು, ಮಂತ್ರಿಗಳ ಹಾಗೆ ಕಿಟಕಿಯಿಂದ ಕೈ ಬೀಸಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯವೂ ಬಂದಿರಲಿಲ್ಲ, ಬರೀ ಕೊಡೆ.

ಗಡಿ ದಾಟಿದ ಕೂಡಲೇ ಸಾಲಾಗಿ ಟಿಕೆಟ್ಟಿನ ಅಂಗಡಿಗಳು. ಚನ್ನಕೇಶವ ಯಾವಾಗಲೂ ಕೊಳ್ಳುವ ಅಂಗಡಿಯಲ್ಲಿ ಕನ್ನಡಕದ ಮನುಷ್ಯನೊಬ್ಬ ಕೂತಿದ್ದ. ಟಿಕೆಟ್ ತೆಗೆದುಕೊಂಡು ಪಟ್ಟಿಯ ಪಕ್ಕ ಇಟ್ಟು ನೋಡಿದ.

‘ನಂಬರ್ ಸರಿ ಉಂಟು’ ಎಂದ. ‘ಸೀರೀಸ್ ಬೇರೆ.’

‘ಅಂದ್ರೆ?’

‘ಮುಂದಿನ ಅಕ್ಷರ ನೋಡಿ. ಫಸ್ಟ್ ಪ್ರೈಜ್ ಬಂದದ್ದು ಬೇರೆ ಅಕ್ಷರಕ್ಕೆ. ಇದೇ ನಂಬರ್ ಎಲ್ಲ ಸೀರೀಸಲ್ಲೂ ಒಂದೊಂದು ಇರ್ತದೆ ಅಲ್ವಾ? ಅವಕ್ಕೆಲ್ಲ ಸಮಾಧಾನಕ್ಕೆ ಅಂತ ಐದು ಸಾವಿರ. ನಾನೇ ಕೊಡ್ತೇನೆ, ಈಗ್ಲೇ.’

ಓಂಕಾರಮೂರ್ತಿ, ‘ಇನ್ನೊಂದ್ಸಲ ನೋಡಿ’ ಎಂದ. ಅವನು ನೋಡಿದ. ‘ಇನ್ನೊಂದೇ ಒಂದ್ಸಲ’ ಎಂದ ಇವನು. ಅವನು ಈ ಸಲ ನೋಡಲಿಲ್ಲ, ಡ್ರಾಯರ್ ಎಳೆದು ಹತ್ತು ಐನೂರರ ನೋಟು ಎಣಿಸಿಟ್ಟ. ‘ಕೆಲವರಿಗೆ ಅದೂ ಬರೂದಿಲ್ಲ ಮಾರಾಯ್ರೇ’ ಎಂದು ಸಮಾಧಾನ ಹೇಳಿ, ಹೊಸ ಬಂಪರಿನ ಟಿಕೆಟ್ ಬೇಕಾ ಎಂದೂ ಕೇಳಿದ.

ಗಾಡಿ ಚಾರ್ಮಾಡಿ ಘಟ್ಟ ಹತ್ತಿತು. ಕೋಟಿ ಹೋಯಿತಲ್ಲ ಎಂಬ ಸಂಕಟ ಘಟ್ಟದ ಅರ್ಧಕ್ಕೇ ಮುಗಿದುಹೋಗಿತ್ತು. ಇಲ್ಲದ ಹಣಕ್ಕೆ ಎಷ್ಟು ಹೊತ್ತು ಅಳಲಾಗುತ್ತದೆ? ಉಳಿದ ಅರ್ಧದ ತುಂಬ ಅವನ ಕಣ್ಣ ಮುಂದೆ ಇದ್ದದ್ದು ಬೆನ್ನ ಹಿಂದೆ ಹೋದ ಆ ಎರಡು ಕೈ. ಕೊಟ್ಟಿಗೆಹಾರದಲ್ಲಿ ಗಾಡಿ ನಿಂತಾಗ, ‘ಚನ್ನ, ಜಾವಳಿಗೆ ತಿರುಗಿಸು’ ಎಂದ.

‘ಈ ಶರ್ಟ್ ಹಾಕ್ಕೊಂಡಾ?’ ಎಂದ ಚನ್ನಕೇಶವ. ಕೆಟ್ಟದ್ದಕ್ಕೆ ಕೇಳಲಿಲ್ಲ, ಪಾಪ, ಕಂಡದ್ದನ್ನು ಕೇಳಿದ. ‘ಮೊದ್ಲು ಮನೇಲಿ ಹೇಳಿ ಮೂರ್ತಣ್ಣ. ಹೆಣ್ಣುಮಗಳ ಹತ್ರ ಹೇಳಿ.’

ಮನೆಯಲ್ಲಿ ಹೇಳಿದ. ಹೆಂಡತಿ, ಮಗಳು, ತಮ್ಮ ಮೂವರೂ ಇದ್ದರು. ಐದು ಸಾವಿರವನ್ನು ಟೀಪಾಯಿಯ ಮೇಲಿಟ್ಟು ನೆಲ ನೋಡುತ್ತ ಹೇಳಿ ಮುಗಿಸಿದ. ಶಿಲ್ಪಾ ಅಪ್ಪನ ಫೋನು ತೆಗೆದುಕೊಂಡು, ಅದರಲ್ಲಿ ಅವನು ತೆಗೆದಿಟ್ಟಿದ್ದ ಟಿಕೆಟ್ಟಿನ ಫೋಟೊ ಮತ್ತು ಚನ್ನಕೇಶವ ಕಳಿಸಿದ್ದ ರಿಸಲ್ಟಿನ ಫೋಟೊ ನೋಡಿದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

‘ಇದು ಬೇರೆ, ಇದು ಬೇರೆ. ಒಂದ್ಸಲ ನಂಗೆ ತೋರಿಸಿದ್ರೆ ಅಲ್ಲೇ ಹೇಳ್ತಿದ್ದೆ. ಯಾರದೋ ರಕ್ತ ಯಾರದೋ ಹೆಸರಿಗೆ ಬರೀದೆ ಇರೋದೇ ನನ್ನ ಕೆಲ್ಸ ಅಪ್ಪಾಜಿ.’

ಶಿವಗಂಗಮ್ಮ ಆ ನೋಟುಗಳನ್ನು ಮುಟ್ಟಲಿಲ್ಲ. ‘ಐದು ಸಾವಿರಕ್ಕೆ ಮಗಳ ಮದುವೆ ಮಾರ್ಕೊಂಡು ಬಂದ್ರಲ್ಲ ರೀ’ ಎಂದಳು. ದನಿ ಎತ್ತರಿಸದೆ ಹೇಳಿದಳು. ಓಂಕಾರಮೂರ್ತಿ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಮುಂದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾಚಿಕೆಗೆಟ್ಟವನು ನಾನು, ನಾಚಿಕೆಗೆಟ್ಟವನು ಎಂದು ಒಳಗೇ ಹೇಳಿಕೊಂಡ.

ಶನಿವಾರ ಶಿಲ್ಪಾ ಮೊದಲ ಬಸ್ಸಿಗೇ ಹೊರಟುಹೋಗಿದ್ದಳು. ಕೆಲಸಕ್ಕೆ ಎಂದುಕೊಂಡ. ಮಲ್ಲೇಶ್ ಬಂದು, ‘ಅಣ್ಣ, ಇವತ್ತು ಬರ್ತೀನಿ, ನಡಿ’ ಎಂದ. ಓಂಕಾರಮೂರ್ತಿ, ‘ಬೇಡ ಕಣೋ. ಅವತ್ತು ಒಬ್ಬನೇ ಹೋಗಿದ್ದೆ, ಇವತ್ತೂ ಒಬ್ಬನೇ ಹೋಗ್ಬೇಕು’ ಎಂದ. ಅಂಗಡಿಗೆ ಹಾಕುವ ಹಳೆಯ ಶರಟನ್ನೇ ಹಾಕಿಕೊಂಡು ಹೋದ.

ತಮ್ಮಯ್ಯನವರು ಸಸಿಗಳ ಸಾಲಿನಲ್ಲಿ ಕಳೆ ಕೀಳುತ್ತಿದ್ದರು. ಇವನನ್ನು ಕಂಡು ಎದ್ದುಬರಲಿಲ್ಲ, ಹೋಗೆಂದೂ ಹೇಳಲಿಲ್ಲ. ಇವನೇ ಹತ್ತಿರ ಹೋಗಿ ಮಣ್ಣಿನಲ್ಲೇ ಅವರೆದುರು ಕುಕ್ಕುರುಗಾಲಲ್ಲಿ ಕೂತ. ಲಾಟರಿ, ಅಕ್ಷರ, ತಲಪಾಡಿ ಎಲ್ಲ ಹೇಳಿದ. ‘ನಂದು ದೊಡ್ಡ ತಪ್ಪಾಯ್ತು. ಕ್ಷಮಿಸ್ಬೇಕು’ ಎಂದು ಕೈಮುಗಿದ.

ತಮ್ಮಯ್ಯನವರು ಕೈಯಲ್ಲಿದ್ದ ಕಳೆಯನ್ನು ಪಕ್ಕಕ್ಕಿಟ್ಟರು. ‘ಒಂದು ಕೇಳ್ತೀನಿ ಮೂರ್ತಿಯವ್ರೇ, ನಿಜ ಹೇಳಿ. ಆ ದುಡ್ಡು ಬಂದಿದ್ರೆ ಇವತ್ತು ಇಲ್ಲಿಗೆ ಬರ್ತಿದ್ರಾ?’

ಬರುತ್ತಿದ್ದೆ ಎಂದು ಹೇಳಲು ಓಂಕಾರಮೂರ್ತಿಯ ಬಾಯಿ ತೆರೆಯಿತು. ಮಣ್ಣು ಮೆತ್ತಿದ ಆ ಮುದುಕರ ಉಗುರು ನೋಡಿದ. ‘ಇಲ್ಲ. ಬರ್ತಿರ್ಲಿಲ್ಲ’ ಎಂದ.

‘ಹೂಂ’ ಎಂದರು ತಮ್ಮಯ್ಯನವರು. ‘ಸುಳ್ಳು ಹೇಳಿದ್ರೆ ಎಬ್ಬಿಸಿ ಕಳಿಸೋಣ ಅಂತಿದ್ದೆ’ ಎಂದರು. ‘ನಿಮ್ಮ ಮಗಳು ಬೆಳಿಗ್ಗೆನೇ ಬಂದಿತ್ತು. ನಮ್ಮ ಮನೆಯವಳ ಹತ್ರ ಕೂತು ಅತ್ತು, ಹುಡುಗನ ಹತ್ರ ಮಾತಾಡಿ, ಆ ಸೀರೆ ವಾಪಸ್ ಇಸ್ಕೊಂಡು ಹೋಯ್ತು. ಮದುವೆ ನಿಲ್ಲಲ್ಲ. ಹೋಗೋ ಮುಂಚೆ ನಂಗೆ ಒಂದು ಮಾತು ಹೇಳ್ತು. ನಮ್ಮಪ್ಪ ಇವತ್ತು ಬಂದೇ ಬರ್ತಾರೆ ಮಾವ, ಬಂದ್ರೆ ಬೈಬೇಡಿ, ಅವ್ರು ತಡ್ಕೊಳ್ಳಲ್ಲ ಅಂತ. ಅದಕ್ಕೆ ಸುಮ್ನಿದ್ದೀನಿ. ಇಲ್ದಿದ್ರೆ ನಂಗೂ ಬಾಯಿ ಇದೆ.’

ಓಂಕಾರಮೂರ್ತಿ ಮಣ್ಣಿಗೆ ಕೈಯೂರಿ ಎದ್ದ. ರೇಣುಕಪ್ರಸಾದ್ ಎಲ್ಲಿ ಎಂದು ಕೇಳಲು ಮುಖವಿರಲಿಲ್ಲ. ನೆರಳುಬಲೆಯ ಆಚೆ ಯಾರೋ ಪೈಪಿನಲ್ಲಿ ನೀರು ಹಿಡಿಯುವ ಸದ್ದು ಕೇಳುತ್ತಿತ್ತು. ಆ ಕಡೆಗೊಮ್ಮೆ ಕೈಮುಗಿದು ಬಸ್ಸಿಗೆ ಬಂದ.

ಮದುವೆ ಉಳಿಯಿತು ಎಂಬ ಹಿಗ್ಗಿನಲ್ಲಿ ಅವನು ಮನೆಗೆ ಬರುವಷ್ಟರಲ್ಲಿ ಮುಕ್ಕಾಲು ಹಳೆಯ ಓಂಕಾರಮೂರ್ತಿಯಾಗಿದ್ದ. ಛತ್ರ, ಅಡುಗೆಯವರು, ಲಗ್ನಪತ್ರಿಕೆ ಎಂದು ಸಡಗರದಿಂದ ಶುರುಮಾಡಿದ. ಶಿಲ್ಪಾ ಎಲ್ಲ ಕೇಳಿದಳು. ಕೊನೆಗೆ ಹೇಳಿದಳು:

‘ಅಪ್ಪಾಜಿ, ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮ ನಿಲ್ಲಲಿ.’

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ‘ಅವ್ರೂ ನಿಲ್ತಾರೆ. ಮೊದ್ಲು ನಾನೂ ನಿಮ್ಮಮ್ಮನೂ…’

‘ನೀವಲ್ಲ. ಒಂದ್ಸಲ ಕೊಟ್ರಿ, ಕೊಟ್ಟದ್ದನ್ನ ವಾಪಸ್ ತಗೊಂಡು ಬಂದ್ರಿ. ಇನ್ನೊಂದ್ಸಲ ಕೊಡೋಕೆ ನಿಮ್ಮ ಕೈ ಬೇಡ. ನಿಮ್ಮ ಮೇಲೆ ಸಿಟ್ಟಿಲ್ಲ ನಂಗೆ. ಆ ಮನೇಲಿ ನಾನು ತಲೆ ಎತ್ತಿ ಇರ್ಬೇಕಲ್ಲ.’

ಓಂಕಾರಮೂರ್ತಿ ಹೆಂಡತಿಯ ಕಡೆ ತಿರುಗಿದ. ಒಬ್ಬಳೇ ಮಗಳ ಧಾರೆ ಬಿಟ್ಟುಕೊಡಲು ಯಾವ ತಾಯಿ ಒಪ್ಪುತ್ತಾಳೆ, ಇವಳು ಗದರಿಸುತ್ತಾಳೆ ಎಂದು ಕಾದ. ಶಿವಗಂಗಮ್ಮ ಸೆರಗಿನ ತುದಿ ಸುತ್ತುತ್ತ, ‘ನನ್ನನ್ನ ಕೇಳೇ ಹೇಳ್ತಿದ್ದಾಳೆ. ನಾನೂ ಹೂಂ ಅಂದಿದ್ದೀನಿ’ ಎಂದಳು.

ಮೇ ತಿಂಗಳಲ್ಲಿ ಆಲ್ದೂರಿನ ಛತ್ರದಲ್ಲಿ ಮದುವೆ ನಡೆಯಿತು. ಜನ ಕಿಕ್ಕಿರಿದಿದ್ದರು. ಬಂದವರಲ್ಲಿ ಅರ್ಧ ಜನ ಊಟಕ್ಕೆ, ಅರ್ಧ ಜನ ಕೋಟಿ ಸಾಹುಕಾರರ ಮುಖ ನೋಡಲಿಕ್ಕೆ. ಮುಹೂರ್ತ ಬಂದಾಗ ಮದುವೆ ಮಾಡಿಸುವ ಅಯ್ಯನವರು ಮೈಕಿನಲ್ಲಿ ಕರೆದರು: ‘ಹುಡುಗಿ ತಂದೆ ತಾಯಿ ಬನ್ನಿ, ಧಾರೆಗೆ ಬನ್ನಿ, ಬೇಗ.’ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಓಂಕಾರಮೂರ್ತಿ. ಹೇಳುತ್ತೇನೆ ಎಂದುಕೊಂಡು ಎರಡು ತಿಂಗಳು ತಳ್ಳಿದ್ದ.

ಮೊದಲ ಸಾಲಿನಿಂದ ಎದ್ದ. ‘ನನ್ನ ತಮ್ಮ ನಿಲ್ತಾನೆ ಅಯ್ನೋರೇ. ತಮ್ಮ, ಅವ್ನ ಹೆಂಡ್ತಿ.’

‘ಯಾಕೆ, ಮೈ ಹುಷಾರಿಲ್ವಾ?’

ಹುಷಾರಿಲ್ಲ ಎಂದರೆ ಮುಗಿಯುತ್ತಿತ್ತು. ಅಯ್ಯನವರೇ ದಾರಿ ಮಾಡಿಕೊಟ್ಟಿದ್ದರು. ಮಂಟಪದಲ್ಲಿ ಶಿಲ್ಪಾ ತಲೆ ತಗ್ಗಿಸಿ ಕೂತಿದ್ದಳು, ಪಕ್ಕದಲ್ಲಿ ರೇಣುಕಪ್ರಸಾದ್. ಕೆಳಗೆ ಮೊದಲ ಸಾಲಿನಲ್ಲಿ ಶಿವಗಂಗಮ್ಮ, ಗಂಡ ಏನು ಹೇಳುತ್ತಾನೆ ಎಂದು ನೋಡುತ್ತ ಕೂತಿದ್ದಳು.

‘ಹುಷಾರಾಗೇ ಇದ್ದೀನಿ’ ಎಂದ ಓಂಕಾರಮೂರ್ತಿ. ‘ಲಾಟರಿ ಬಂತು ಅಂತ ಇದೇ ಮದುವೆ ಮುರಿದು ಬಂದೋನು ನಾನು. ತಮ್ಮ ಬೇಡ ಅಂದಿದ್ದ. ಅವ್ನೇ ಎರೀಲಿ.’

ಮೈಕು ಹತ್ತಿರದಲ್ಲೇ ಇತ್ತು. ಹೊರಗೆ ಚಪ್ಪಲಿ ಕಾಯುವವನವರೆಗೂ ಕೇಳಿತು. ಮಲ್ಲೇಶ್ ಮತ್ತು ಅವನ ಹೆಂಡತಿ ತಲೆ ಎತ್ತದೆ ಮಂಟಪ ಹತ್ತಿದರು. ವಾಲಗ ಶುರುವಾಯಿತು. ಮಗಳ ಕೈಯ ಮೇಲೆ ಬೇರೆಯವರು ಹಾಲೆರೆಯುವುದನ್ನು ಶಿವಗಂಗಮ್ಮ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು.

‘ನೀನಾದ್ರೂ ಹೋಗೇ’ ಎಂದ ಅವನು.

‘ಒಬ್ಳೇ ಹೆಂಗ್ ನಿಲ್ಲೋದು ರೀ. ಧಾರೆಗೆ ಜೋಡಿ ಬೇಕು’ ಎಂದಳು ಶಿವಗಂಗಮ್ಮ. ಅವನಿಗೆ ತಾನು ಕಳೆದದ್ದರ ಪೂರ್ತಿ ಲೆಕ್ಕ ಅರ್ಥವಾದದ್ದು ಆಗ.

ಆಮೇಲೆ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಹಾಲೆರೆಯುವುದು ವಾಡಿಕೆ. ಗಂಡ ಹೆಂಡತಿ ಇಬ್ಬರೂ ಆ ಸಾಲಿನಲ್ಲಿ ನಿಂತರು. ಮುಂದೆ ಚನ್ನಕೇಶವ, ಹಿಂದೆ ಯಾರೋ ಕಳಸದ ಕಡೆಯವರು. ಸಾಲು ಮೆಲ್ಲಗೆ ಸರಿಯಿತು. ಶಿವಗಂಗಮ್ಮ ಹಾಲೆರೆದು, ಮಗಳ ಕೆನ್ನೆ ಮುಟ್ಟಿ ಇಳಿದಳು. ಓಂಕಾರಮೂರ್ತಿ ಉದ್ಧರಣೆ ತೆಗೆದುಕೊಂಡು ಎರಡು ಹನಿ ಹಾಲನ್ನು ಮಗಳ ಕೈಯ ಮೇಲೂ ಅಳಿಯನ ಕೈಯ ಮೇಲೂ ಬಿಟ್ಟ. ಅಳಿಯನ ಕೈ ಬೆಳ್ಳಗೆ ತೊಳೆದಿತ್ತು, ಉಗುರಿನ ಸಂದು ಸಹ. ಆ ಹುಡುಗ ಅದನ್ನು ಎಷ್ಟು ಹೊತ್ತು ತಿಕ್ಕಿರಬೇಕು ಎಂದು ಇವನಿಗೆ ಹೊಳೆಯಿತು.

ಹಾಲೆರೆದ ಒಬ್ಬೊಬ್ಬರಿಗೂ ಶಿಲ್ಪಾ ಒಂದೇ ಮಾತು ಹೇಳುತ್ತಿದ್ದಳು, ತಗ್ಗಿಸಿದ ತಲೆ ಎತ್ತದೆ. ಅಪ್ಪನಿಗೂ ಹೇಳಿದಳು: ‘ಊಟ ಮಾಡ್ಕೊಂಡೇ ಹೋಗ್ಬೇಕು.’

ಹೇಳಿದ ಮೇಲೆ ತಲೆ ಎತ್ತಿದಳು. ಎದುರು ನಿಂತದ್ದು ಯಾರೆಂದು ನೋಡಿ ಅವಳ ಕಣ್ಣು ತುಂಬಿತು.

‘ಆಯ್ತಮ್ಮ, ಮಾಡ್ಕೊಂಡೇ ಹೋಗ್ತೀನಿ’ ಎಂದ ಓಂಕಾರಮೂರ್ತಿ. ಹಿಂದಿದ್ದವರು ಜಾಗ ಕೇಳಿದರು. ಅವನು ಉದ್ಧರಣೆಯನ್ನು ಅವರ ಕೈಗೆ ಕೊಟ್ಟು ಮಂಟಪ ಇಳಿದ.